ಲ್ಯಾಬಿಲ್ಲದ ಊರಲ್ಲಿ ಮೂಳೆ ಓದುವುದು ಹೇಗೆ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನವಳು. ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿದ್ದೇನೆ, ಪ್ರಾಣಿಶಾಸ್ತ್ರ ಒಂದು ವಿಷಯವಾಗಿತ್ತು. ಮುಂದೆ ಮಾನವಶಾಸ್ತ್ರದಲ್ಲಿ ಎಂಎಸ್ಸಿ ಮಾಡುವ ಆಸೆ. ಆದರೆ ಮನುಷ್ಯನ ಮೂಳೆ, ಮೈಯನ್ನು ಅಳೆದು ಓದುವ ಭೌತಿಕ ಮಾನವಶಾಸ್ತ್ರದ ಪ್ರಾಯೋಗಿಕ ತರಗತಿ ಹೇಗಿರುತ್ತದೆಂದು ಕಂಡೇ ಇಲ್ಲ. ವಿಡಿಯೊ ನೋಡಿ ಮೂಳೆಗಳ ಹೆಸರು ಕಲಿಯುತ್ತಿದ್ದೇನೆ. ಇಷ್ಟು ಸಾಕೇ? ಪರಿಚಯದವರೊಬ್ಬರು ಅಸಲಿ ಮೂಳೆಯ ಹಳೇ ಬೋನ್ ಸೆಟ್ ಕಡಿಮೆ ಬೆಲೆಗೆ ಕೊಡಿಸುತ್ತೇನೆ ಎನ್ನುತ್ತಾರೆ, ತೆಗೆದುಕೊಳ್ಳಲೇ? ನಮ್ಮಣ್ಣ ಮಾತ್ರ "ತಲೆ ಅಳೆಯೋ ವಿದ್ಯೆ ಬ್ರಿಟಿಷರ ಕಾಲಕ್ಕೇ ಮುಗೀತು" ಅಂತ ನಗುತ್ತಾನೆ.

ಉತ್ತರ: ಹೆಸರು ಕಲಿಯಲು ವಿಡಿಯೊ ಧಾರಾಳ ಸಾಕು. ವಯಸ್ಕರ ಮೈಯಲ್ಲಿರುವುದು 206 ಮೂಳೆ. ದಿನಕ್ಕಿಷ್ಟು ಎಂದು ಕೂತರೆ ಬಾಯಿಗೆ ಬರುತ್ತವೆ. ಮಾರ್ಫೋಸೋರ್ಸ್ ಎಂಬ ಜಾಲತಾಣದಲ್ಲಿ ಸ್ಕ್ಯಾನ್ ಮಾಡಿದ ಮೂಳೆಗಳನ್ನು ಪರದೆಯ ಮೇಲೆ ತಿರುಗಿಸಿ ನೋಡಬಹುದು. ದಕ್ಷಿಣ ಆಫ್ರಿಕದ ಗುಹೆಯಲ್ಲಿ ಸಿಕ್ಕ ಹೋಮೋ ನಲೆಡಿ ಎಂಬ ಅಳಿದುಹೋದ ಮಾನವ ಪ್ರಭೇದದ ಸ್ಕ್ಯಾನುಗಳನ್ನು 2015ರಲ್ಲಿ, ಸಂಶೋಧನೆ ಪ್ರಕಟವಾದ ಹೊತ್ತಿಗೇ ಅಲ್ಲಿ ಎಲ್ಲರಿಗೂ ತೆರೆದಿಟ್ಟರು. ನಾವು ಓದುವ ಕಾಲದಲ್ಲಿ ಇಂಥದ್ದು ಕನಸಿಗೂ ಬರುತ್ತಿರಲಿಲ್ಲ.

ಪರದೆ ಕೊಡದ ಒಂದು ಸಂಗತಿ ಇದೆ, ಲ್ಯಾಬ್ ಇರುವುದೇ ಅದಕ್ಕೆ. ನಿಮ್ಮ ಕೈಯೂ ಕಣ್ಣೂ ಎಷ್ಟು ತಪ್ಪುತ್ತವೆ ಎಂಬ ಲೆಕ್ಕ ಅದು. ಪುಸ್ತಕದ ತೊಡೆಮೂಳೆಗೆ ಒಂದೇ ಉದ್ದ. ನಿಮ್ಮ ಕೈಯ ತೊಡೆಮೂಳೆಗೆ ಬೆಳಿಗ್ಗೆ ಒಂದು ಉದ್ದ, ಸಂಜೆ ಇನ್ನೊಂದು, ಪಕ್ಕದ ಬೆಂಚಿನವರು ಅಳೆದರೆ ಮತ್ತೊಂದು. ಈ ಮೂರರ ನಡುವಿನ ಅಂತರ ಎಷ್ಟೆಂದು ಹೇಳಲು ಬಂದವರು ಪ್ರಾಯೋಗಿಕ ಕಲಿತಂತೆ. ಒಳ್ಳೆಯ ಸುದ್ದಿ ಏನೆಂದರೆ, ಈ ಲೆಕ್ಕವನ್ನು ಚಳ್ಳಕೆರೆಯಲ್ಲಿ ಕೂತೇ ಶುರುಮಾಡಬಹುದು.

ಎತ್ತರದಿಂದ ಹಿಡಿಯಿರಿ. ಗೋಡೆಗೆ ಅಳತೆಪಟ್ಟಿ ಅಂಟಿಸಿ, ಮನೆಯವರನ್ನು ಬರಿಗಾಲಲ್ಲಿ ನಿಲ್ಲಿಸಿ. ಹಿಮ್ಮಡಿ ಗೋಡೆಗೆ ತಾಗಿರಲಿ. ಕಣ್ಣಿನ ಗುಳಿಯ ಕೆಳ ಅಂಚು ಮತ್ತು ಕಿವಿರಂಧ್ರದ ಮೇಲಂಚು ಒಂದೇ ಮಟ್ಟದಲ್ಲಿರಬೇಕು. ಇದೇ ನೀವು ಓದಿರುವ ಫ್ರಾಂಕ್‌ಫರ್ಟ್ ಸಮತಲ. ಗಲ್ಲ ಸ್ವಲ್ಪ ಎತ್ತಿದರೂ ಇಳಿಸಿದರೂ ಅಳತೆ ಜಾರುತ್ತದೆ. ನೆತ್ತಿಗೆ ಮೂಲೆಮಟ್ಟ ಇಟ್ಟು ಓದಿ, ಬರೆದುಕೊಳ್ಳಿ, ಆ ಹಾಳೆಯನ್ನು ಮಡಚಿ ಮುಚ್ಚಿ. ಒಂದು ಗಂಟೆ ಬಿಟ್ಟು, ಮೊದಲ ಅಂಕಿ ನೋಡದೆ, ಮತ್ತೆ ಅಳೆಯಿರಿ. ಎದ್ದ ಕೂಡಲೇ ಒಮ್ಮೆ, ರಾತ್ರಿ ಒಮ್ಮೆ ಅಳೆದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಬೆನ್ನುಮೂಳೆಗಳ ನಡುವಿನ ಬಿಲ್ಲೆಗಳು ದಿನವಿಡೀ ಭಾರ ಹೊತ್ತು ಕುಗ್ಗುವುದರಿಂದ ಮನುಷ್ಯ ಸಂಜೆಗೆ ಒಂದು ಸೆಂಟಿಮೀಟರಿನಷ್ಟು, ಕೆಲವರು ಅದಕ್ಕೂ ಹೆಚ್ಚು, ಗಿಡ್ಡವಾಗಿರುತ್ತಾರೆ. ಅಂದರೆ ಎರಡು ಅಳತೆಯ ವ್ಯತ್ಯಾಸದಲ್ಲಿ ನಿಮ್ಮ ಪಾಲೆಷ್ಟು, ಎದುರಿಗೆ ನಿಂತವರ ಮೈಯ ಪಾಲೆಷ್ಟು ಎಂದು ಬೇರ್ಪಡಿಸಬೇಕಾಗುತ್ತದೆ. ಅದಕ್ಕೇ ಮರುಅಳತೆ ಹತ್ತಿರ ಹತ್ತಿರದ ಹೊತ್ತಿನಲ್ಲಾಗಬೇಕು.

ಈ ವ್ಯತ್ಯಾಸವನ್ನು ಒಂದೇ ಅಂಕಿಯಲ್ಲಿ ಹೇಳುವ ಸೂತ್ರಕ್ಕೆ ಅಳತೆಯ ತಾಂತ್ರಿಕ ದೋಷ ಎನ್ನುತ್ತಾರೆ. ಲೆಕ್ಕಕ್ಕೆಂದು ಐದು ಮಂದಿ ಇಟ್ಟುಕೊಳ್ಳಿ. ಎರಡು ಸಲದ ಅಳತೆಗಳ ವ್ಯತ್ಯಾಸ ಕ್ರಮವಾಗಿ 4, 2, 0, 6, 2 ಮಿಲಿಮೀಟರ್ ಬಂತು ಅನ್ನೋಣ. ವರ್ಗ ಮಾಡಿ ಕೂಡಿದರೆ 60. ಮಂದಿಯ ಸಂಖ್ಯೆಯ ಎರಡರಷ್ಟರಿಂದ, ಅಂದರೆ 10ರಿಂದ, ಭಾಗಿಸಿದರೆ 6. ಅದರ ವರ್ಗಮೂಲ ಸುಮಾರು 2.4 ಮಿಲಿಮೀಟರ್. ಇನ್ನು ಮುಂದೆ ಇಬ್ಬರ ನಡುವೆ ಎರಡು ಮಿಲಿಮೀಟರ್ ವ್ಯತ್ಯಾಸ ಕಂಡರೆ ಅದರ ಮೇಲೆ ಯಾವ ಸಿದ್ಧಾಂತವನ್ನೂ ಕಟ್ಟಬೇಡಿ. ಇದನ್ನೇ ನಿಮ್ಮ ಸ್ನೇಹಿತೆಯ ಕೈಲೂ ಅಳೆಸಿದರೆ ಇಬ್ಬರ ನಡುವಿನ ದೋಷ ಸಿಗುತ್ತದೆ. ಅದು ಸಾಮಾನ್ಯವಾಗಿ ಒಬ್ಬರದೇ ದೋಷಕ್ಕಿಂತ ದೊಡ್ಡದು.

ಇದೆಲ್ಲ ಪರೀಕ್ಷೆಯ ಪಾಠ ಮಾತ್ರ ಅಂದುಕೊಳ್ಳಬೇಡಿ. ನಿಮ್ಮೂರಿನ ಅಂಗನವಾಡಿಗೆ ಹೋಗಿ ಕೂತು ನೋಡಿ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅಳೆಯುತ್ತಾರೆ, ದೊಡ್ಡ ಮಕ್ಕಳನ್ನು ನಿಲ್ಲಿಸಿ. ಸಣ್ಣ ಮಗುವನ್ನು ನಿಲ್ಲಿಸಿಯೇ ಅಳೆದಿದ್ದರೆ 0.7 ಸೆಂಟಿಮೀಟರ್ ಕೂಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮವೇ ಇದೆ. ತೋಳಿನ ಸುತ್ತಳತೆಯ ಪಟ್ಟಿಯಲ್ಲಿ 11.5 ಸೆಂಟಿಮೀಟರಿನ ಕೆಳಗೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 12.5ರವರೆಗೆ ಹಳದಿ. ಪಟ್ಟಿಯನ್ನು ತುಸು ಬಿಗಿ ಎಳೆದರೆ ಹಳದಿಯ ಮಗು ಕೆಂಪಿಗೆ ಬೀಳುತ್ತದೆ, ಸಡಿಲ ಬಿಟ್ಟರೆ ಕೆಂಪಿನ ಮಗು ಹಳದಿಗೆ ಹತ್ತಿ ಸಿಗಬೇಕಾದ ಚಿಕಿತ್ಸೆ ತಪ್ಪುತ್ತದೆ. ಅಂಗನವಾಡಿ ಅಕ್ಕನಿಗೆ ಇದು ನಿಮ್ಮ ಪ್ರೊಫೆಸರರಷ್ಟೇ ಚೆನ್ನಾಗಿ ಗೊತ್ತಿರುತ್ತದೆ. ಅಕ್ಕನನ್ನು ಕೇಳಿ ಕಲಿಯಿರಿ, ನಾಚಿಕೆ ಬೇಡ.

ಉಪಕರಣದ ಚಿಂತೆ ಬಿಡಿ. ಮಾನವಶಾಸ್ತ್ರಕ್ಕೆಂದೇ ಮಾಡಿದ, ಮೈಯ ಎತ್ತರ ಅಳೆಯುವ ಆಂತ್ರೊಪೋಮೀಟರ್, ತಲೆ ಅಳೆಯುವ ಸ್ಪ್ರೆಡಿಂಗ್ ಕ್ಯಾಲಿಪರ್ ದುಬಾರಿ. ಆದರೆ ಪಿಯುಸಿ ಭೌತಶಾಸ್ತ್ರದಲ್ಲಿ ಹಿಡಿದ ವರ್ನಿಯರ್ ಕ್ಯಾಲಿಪರ್ ಬೆರಳು, ಮೂಗು, ಹಲ್ಲಿನ ಅಳತೆಗೆ ನಡೆಯುತ್ತದೆ. ತಲೆಯ ಉದ್ದ ಅಗಲಕ್ಕೆ ಬಾಗಿದ ಕಾಲಿನ ಕ್ಯಾಲಿಪರ್ ಬೇಕು. ಲೇಥ್ ಕೆಲಸದವರು ಬಳಸುವ ದೊಡ್ಡ ಔಟ್‌ಸೈಡ್ ಕ್ಯಾಲಿಪರ್ ಅಭ್ಯಾಸಕ್ಕೆ ಆಗುತ್ತದೆ, ತುದಿ ಮಾತ್ರ ಮೊಂಡಾಗಿರಲಿ. ಹರಿಹರದಲ್ಲಿ ಲೇಥ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಪರಿಚಯವಿದ್ದರೆ ಕೇಳಿ ನೋಡಿ. ಕ್ಯಾಲಿಪರನ್ನು ಎಷ್ಟು ಬಿಗಿಗೆ ನಿಲ್ಲಿಸಬೇಕು ಎಂಬುದನ್ನು ಅವರ ಬೆರಳು ಬಲ್ಲಷ್ಟು ನಮ್ಮಲ್ಲಿ ಬಹಳ ಮಂದಿಯ ಬೆರಳು ಬಲ್ಲದು ಅಂತ ನನಗನಿಸುವುದಿಲ್ಲ.

ಈಗ ಮೂಳೆಗೆ ಬರೋಣ. ಅಸಲಿ ಬೋನ್ ಸೆಟ್ ಕೊಳ್ಳಬೇಡಿ. ಎಂಬಿಬಿಎಸ್ ಹುಡುಗರು ಹಾಫ್ ಸೆಟ್, ಅಂದರೆ ಅರ್ಧ ಅಸ್ಥಿಪಂಜರದ ಮೂಳೆ, ಕೊಂಡು, ವರ್ಷ ಮುಗಿದ ಮೇಲೆ ಜೂನಿಯರಿಗೆ ಮಾರುವುದು ಹಳೆಯ ರೂಢಿ. ಆ ಮೂಳೆ ಯಾರದು, ಮೊದಲು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಒಂದು ಕಾಲಕ್ಕೆ ಜಗತ್ತಿನ ವೈದ್ಯಕೀಯ ಕಾಲೇಜುಗಳ ಅಸ್ಥಿಪಂಜರಗಳು ಬಹುಪಾಲು ಕಲ್ಕತ್ತದಿಂದಲೇ ಹೋಗುತ್ತಿದ್ದವು. ಸ್ಮಶಾನಗಳಿಂದ ಕದ್ದು ತರುತ್ತಾರೆಂಬ ಆರೋಪ ಜೋರಾಗಿ 1985ರಲ್ಲಿ ಭಾರತ ಸರ್ಕಾರ ರಫ್ತು ನಿಲ್ಲಿಸಿತು. ಒಪ್ಪಿಗೆ ಇಲ್ಲದ ಮನುಷ್ಯನ ಮೇಲೆ ವಿದ್ಯೆ ಕಲಿಯುವ ದರ್ದು ನಿಮಗಿಲ್ಲ. ಪ್ಲಾಸ್ಟಿಕ್ ಎರಕದ ಬುರುಡೆ ಮತ್ತು ಸೊಂಟದ ಮೂಳೆ ಸಿಗುತ್ತವೆ. ನಾಲ್ಕು ಜನ ಸೇರಿ ಇವೆರಡನ್ನೇ ಕೊಂಡರೂ ಸಾಕು. ಗಂಡು ಹೆಣ್ಣು ಗುರುತಿಸಲು ಎಲ್ಲಕ್ಕಿಂತ ನಂಬಿಕೆಯ ಮೂಳೆ ಸೊಂಟದ್ದೇ. ಅದರ ಮುಂಭಾಗದ ಮೂರು ಗುರುತುಗಳನ್ನು ನೋಡಿ ಹೇಳುವ ಕ್ರಮವನ್ನು ಫೆನಿಸ್ ಎಂಬವರು 1969ರಲ್ಲಿ ಪ್ರಕಟಿಸಿದರು. ತಮ್ಮ ಸಂಗ್ರಹದಲ್ಲಿ ಶೇಕಡ 96ರಷ್ಟು ಸರಿ ಬಂತೆಂದರು. ಬೇರೆಯವರು ಬೇರೆ ಸಂಗ್ರಹಗಳ ಮೇಲೆ ಅದನ್ನೇ ಮಾಡಿದಾಗ ಕೆಲವು ಕಡೆ ಅಷ್ಟು ಬರಲಿಲ್ಲ. ಮೂಳೆ ಬದಲಾದಂತೆ, ನೋಡುವವರು ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಮತ್ತೆ ಅದೇ ದೋಷದ ಲೆಕ್ಕ.

ಕೈಯಲ್ಲಿ ಹಿಡಿಯಲು ನಿಜವಾದ ಮೂಳೆಯೇ ಬೇಕೆಂದರೆ ಕುರಿ ಇದೆಯಲ್ಲ. ಕುರಿಗೆ ಹೆಸರಾದ ಚಳ್ಳಕೆರೆಯವರಿಗೆ ನಾನಿದನ್ನು ಹೇಳಬೇಕೆ! ಮಟನ್ ಅಂಗಡಿಯವರಿಗೆ ಹೇಳಿಟ್ಟರೆ ಮುಂಗಾಲು ಹಿಂಗಾಲನ್ನು ಕತ್ತರಿಸದೆ ಇಡಿಯಾಗಿ ಕೊಡುತ್ತಾರೆ. ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಿ, ಮಾಂಸ ಬಿಡಿಸಿ, ಬಟ್ಟೆ ಸೋಪಿನ ಪುಡಿ ಹಾಕಿದ ನೀರಿನಲ್ಲಿ ಜಿಡ್ಡು ಹೋಗುವವರೆಗೆ ನೆನೆಸಿ, ನೆರಳಲ್ಲಿ ಒಣಗಿಸಿ. ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರ್ ಹಾಕಬೇಡಿ, ಅದು ಮೂಳೆಯನ್ನೇ ತಿನ್ನುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಮನೆಯಲ್ಲಿ ಮಾಂಸ ಒಳಗೆ ತರುವಂತಿಲ್ಲವಾದರೆ ಹಿತ್ತಲಿನಲ್ಲೂ ಅಲ್ಲ, ಗೆಳತಿಯ ಮನೆಯಲ್ಲಿ ಮಾಡಿ. ಮೂಳೆಯ ವಿದ್ಯೆಗಾಗಿ ಅಮ್ಮನ ಜೊತೆ ಜಗಳ ಬೇಡ.

ಬೇಯುವಾಗಲೇ ಮೊದಲ ಪಾಠ ಸಿಗುತ್ತದೆ. ಎಳೆಯ ಕುರಿಯಾಗಿದ್ದರೆ ಕಾಲಿನ ಮೂಳೆಯ ತುದಿಯ ಗುಬ್ಬಟೆ ಕಳಚಿ ಬೀಳುತ್ತದೆ. ಕಾಲು ಸೂಪು ಕುಡಿದವರೆಲ್ಲ ಇದನ್ನು ನೋಡಿರುತ್ತಾರೆ, ಆದರೆ ನೋಡಿರುವುದಿಲ್ಲ. ಕಾಂಡಕ್ಕೂ ತುದಿಗೂ ನಡುವೆ ಇದ್ದ ಮೃದ್ವಸ್ಥಿಯ ಪದರ ಬೆಂದು ಕರಗಿ ಹೋಯಿತು. ಎರಡೂ ಕಡೆಯ ಮೈ ಹೊಲದ ಸಾಲಿನಂತೆ ಏರುತಗ್ಗಾಗಿ ಕಾಣುತ್ತದೆ. ಉದ್ದ ಬೆಳೆಯುತ್ತಿದ್ದದ್ದು ಅಲ್ಲಿಯೇ. ಬೆಳವಣಿಗೆ ಮುಗಿದ ಮೇಲೆ ತುದಿ ಕಾಂಡಕ್ಕೆ ಬೆಸೆಯುತ್ತದೆ, ಮತ್ತೆ ಕಳಚುವುದಿಲ್ಲ. ಒಂದೇ ಕುರಿಯಲ್ಲೂ ಎಲ್ಲ ತುದಿಗಳೂ ಒಟ್ಟಿಗೆ ಬೆಸೆಯುವುದಿಲ್ಲ, ಒಂದಾದ ಮೇಲೊಂದು. ನಾಲ್ಕಾರು ಕುರಿಯ ಕಾಲು ಸೇರಿಸಿ ಯಾವುದು ಬೆಸೆದಿದೆ, ಯಾವುದು ಅರ್ಧ, ಯಾವುದು ಇಲ್ಲ ಎಂದು ಸಾಲಾಗಿ ಜೋಡಿಸಿ. ಅಂಗಡಿಯವರನ್ನು ಕುರಿಯ ವಯಸ್ಸು ಕೇಳಿ, ಆದರೆ ನಿಮ್ಮ ಊಹೆ ಬರೆದಿಟ್ಟ ಮೇಲೆ ಕೇಳಿ.

ಮನುಷ್ಯರಲ್ಲೂ ಇದೇ ಲೆಕ್ಕ. ಕಾಲರ್ ಬೋನಿನ ಎದೆಯ ಕಡೆಯ ತುದಿ ಎಲ್ಲಕ್ಕಿಂತ ಕೊನೆಗೆ ಬೆಸೆಯುತ್ತದೆ. ಇಪ್ಪತ್ತು ದಾಟಿ ಮೂವತ್ತರ ಹತ್ತಿರದವರೆಗೂ ಅದು ಎಳೆಯಬಹುದು. ಹುಡುಗನಿಗೆ ಹದಿನೆಂಟು ತುಂಬಿದೆಯೋ ಇಲ್ಲವೋ ಎಂದು ನ್ಯಾಯಾಲಯ ಎಕ್ಸ್‌ರೇ ತೆಗೆಸುವಾಗ ನೋಡುವುದು ಇಂಥ ತುದಿಗಳನ್ನೇ. 1982ರ ಜಯಾಮಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪರೀಕ್ಷೆಯಲ್ಲಿ ಎರಡೂ ಕಡೆಗೆ ಎರಡು ವರ್ಷದ ಏರುಪೇರು ಇರುತ್ತದೆಂದು ಹೇಳಿತು. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲೂ ಮೊದಲು ಶಾಲೆಯ ದಾಖಲೆ, ಆಮೇಲೆ ಜನನ ಪ್ರಮಾಣಪತ್ರ, ಇವೆರಡೂ ಇಲ್ಲದಿದ್ದರೆ ಮಾತ್ರ ಮೂಳೆ. "ಹದಿನೆಂಟೇ" ಎಂದು ಗಟ್ಟಿಯಾಗಿ ಹೇಳುವ ತಜ್ಞರಿಗಿಂತ "ಹದಿನಾರರಿಂದ ಇಪ್ಪತ್ತರೊಳಗೆ" ಎನ್ನುವವರನ್ನು ನಾನು ನಂಬುತ್ತೇನೆ.

ಕುರಿಯ ಮೂಳೆಯಿಂದ ಇನ್ನೊಂದು ಲಾಭ. ಹೊಲ ಉಳುವಾಗ ಮೂಳೆ ಸಿಕ್ಕಿತೆಂದರೆ ಪೊಲೀಸರು ಮೊದಲು ಕೇಳುವುದು ಇದು ಮನುಷ್ಯನದೋ ಪ್ರಾಣಿಯದೋ ಎಂದು. ಕುರಿಯ ಮುಂಗಾಲಿನಲ್ಲಿ ಮೊಣಕೈಯ ಕೆಳಗಿನ ಎರಡು ಮೂಳೆ ಬೆಸೆದು ಒಂದಾಗಿವೆ. ನಿಮ್ಮ ಕೈಯಲ್ಲಿ ಅವು ಬೇರೆ ಬೇರೆ, ಅದಕ್ಕೇ ನೀವು ಅಂಗೈ ಮಗುಚಬಲ್ಲಿರಿ. ಪಾದದ ಮೂಳೆಗಳೂ ಕುರಿಯಲ್ಲಿ ಕೂಡಿಕೊಂಡು ಒಂದೇ ನಳಿಗೆಯಾಗಿ, ತುದಿಯಲ್ಲಿ ಎರಡು ರಾಟೆ ಜೋಡಿಸಿದಂತಿರುತ್ತವೆ. ಇದನ್ನು ಕಣ್ಣುಮುಚ್ಚಿ ಬರಿ ಬೆರಳಿನಿಂದ ಗುರುತಿಸುವವರೆಗೆ ಅಭ್ಯಾಸ ಮಾಡಿ. ಒಂದು ಚೀಲದಲ್ಲಿ ಐದಾರು ಕುರಿಯ ಮೂಳೆ ಕಲಸಿ, ಕನಿಷ್ಠ ಎಷ್ಟು ಕುರಿ ಎಂದು ಲೆಕ್ಕ ಹಾಕುವುದೂ ಒಳ್ಳೆಯ ಆಟ. ಎಡ ಬಲ ಬೇರೆ ಮಾಡಿ, ಎಡ ತೊಡೆಮೂಳೆ ನಾಲ್ಕಿದ್ದರೆ ಕುರಿ ನಾಲ್ಕಕ್ಕಿಂತ ಕಡಿಮೆ ಇರಲಾರದು.

ಇದು ಆಟ ಮಾತ್ರವಲ್ಲ ಎಂದು ತಿಳಿಯಲು ನಿಮ್ಮ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬನ್ನಿ. ಅಶೋಕನ ಶಾಸನಕ್ಕೆ ಹೆಸರಾದ ಜಾಗ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿದರು. ಚಪ್ಪಡಿ ಕಲ್ಲಿನ ಪೆಟ್ಟಿಗೆಗಳಲ್ಲಿ ಇದ್ದದ್ದು ಮಲಗಿಸಿದ ಹೆಣಗಳಲ್ಲ. ಬೇರೆಡೆ ಇಟ್ಟು ಮಾಂಸ ಹೋದ ಮೇಲೆ ಆಯ್ದು ತಂದಿಟ್ಟ ಬಿಡಿ ಮೂಳೆಗಳು, ಒಂದೇ ಪೆಟ್ಟಿಗೆಯಲ್ಲಿ ಒಬ್ಬರಿಗಿಂತ ಹೆಚ್ಚಿನವರದು. ಅಂಥ ಪೆಟ್ಟಿಗೆ ಎದುರಿಗೆ ಬಂದಾಗ ನಿಮ್ಮ ಕುರಿ ಚೀಲದ ಲೆಕ್ಕವೇ ಕೆಲಸಕ್ಕೆ ಬರುವುದು. ಕಲ್ಲಿನ ವೃತ್ತಗಳನ್ನು ನೋಡಿ, ನಕ್ಷೆ ಬರೆದುಕೊಳ್ಳಿ. ನೆಲದಲ್ಲಿ ಮೂಳೆಯ ಚೂರು, ಮಡಕೆಯ ಚೂರು ಕಂಡರೆ ಇದ್ದಲ್ಲೇ ಬಿಡಿ. ಜಾಗದಿಂದ ಎತ್ತಿದ ಚೂರಿಗೆ ಮಾತಿಲ್ಲ, ಮೇಲಾಗಿ ಕಾನೂನಿನ ತೊಡಕು.

ನಿಮ್ಮಣ್ಣನ ನಗುವಿನಲ್ಲಿ ಅರ್ಧ ಸತ್ಯವಿದೆ, ಅದನ್ನು ತಳ್ಳಿಹಾಕಬೇಡಿ. 1901ರ ಜನಗಣತಿಯ ಮುಖ್ಯಸ್ಥರಾಗಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಗಲಕ್ಕೂ ಜಾತಿಯ ಅಂತಸ್ತಿಗೂ ಗಂಟು ಹಾಕಿದರು. ಕ್ಯಾಲಿಪರ್ ಹಿಡಿದ ಕೈಗೆ ಬೇಕಾದ ಉತ್ತರ ಮೊದಲೇ ಗೊತ್ತಿತ್ತು. ಆದರೆ ಅದೇ ಕ್ಯಾಲಿಪರಿನ ಇನ್ನೊಂದು ಕಥೆಯನ್ನೂ ಅಣ್ಣನಿಗೆ ಹೇಳಿ. 1920ರ ದಶಕದ ಕೊನೆಯಲ್ಲಿ ನಮ್ಮ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬರ್ಲಿನ್‌ಗೆ ಪಿಎಚ್‌ಡಿ ಮಾಡಲು ಹೋದರು. ಮಾರ್ಗದರ್ಶಕ ಓಯ್ಗನ್ ಫಿಷರ್. ಮುಂದೆ ನಾಜಿಗಳ ಜನಾಂಗ ನೀತಿಗೆ ಬೆಂಬಲವಾದ ವಿದ್ವಾಂಸ. ಯುರೋಪಿನವರ ಬುರುಡೆಯ ಎಡಬಲದ ವ್ಯತ್ಯಾಸ ಇತರರದಕ್ಕಿಂತ ಬೇರೆ, ಅದಕ್ಕೂ ಬುದ್ಧಿಗೂ ಸಂಬಂಧವಿದೆ ಎಂಬುದು ಆತನ ಎಣಿಕೆ. ಕರ್ವೆ ಬುರುಡೆಗಳನ್ನು ಒಂದೊಂದಾಗಿ ಅಳೆದು, ಜನಾಂಗಕ್ಕೂ ಆ ವ್ಯತ್ಯಾಸಕ್ಕೂ ಸಂಬಂಧ ಕಾಣುವುದಿಲ್ಲ ಎಂದು ಬರೆದುಕೊಟ್ಟರು. ಪದವಿ ಕೊಡಬೇಕಾದ ಗುರುವಿನ ಎದುರು, ಪರದೇಶದಲ್ಲಿ. ಅವರ ಬೆನ್ನಿಗಿದ್ದದ್ದು ಅಳತೆಯ ಪಟ್ಟಿ ಒಂದೇ. ಈ ವಿದ್ಯೆಯನ್ನು ಕೆಡಿಸಿದ್ದೂ ಅಳತೆ, ತೊಳೆದದ್ದೂ ಅಳತೆ. ಇವತ್ತಿನ ಲ್ಯಾಬಿನಲ್ಲಿ ತಲೆಯ ಸೂಚ್ಯಂಕ, ಅಂದರೆ ತಲೆಯ ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತ, ಕಲಿಸುವುದು ಜನರನ್ನು ಬಣಗಳಾಗಿ ಒಡೆಯಲಿಕ್ಕಲ್ಲ. ಅಳೆಯುವ ಕೈ ಪಳಗಲಿ ಎಂದು. ಹೆಲ್ಮೆಟ್ಟು, ಶಾಲೆಯ ಬೆಂಚು, ಕೃತಕ ಕಾಲು ಮಾಡುವವರಿಗೂ ಇದೇ ಅಳತೆಗಳು ಬೇಕು. ನೀವು ಮಾತ್ರ ಅಭ್ಯಾಸದ ಹಾಳೆಯಲ್ಲಿ ಯಾರ ಜಾತಿಯನ್ನೂ ಬರೆಯಬೇಡಿ. ಕೇಳಲೂ ಬೇಡಿ.

ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳಿಗೆ ಹೇಳಿ ಮಾಡಿಸಿದಂಥ ಪ್ರಾಯೋಗಿಕ ಒಂದಿದೆ. ಅದು ಹಲ್ಲು. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನಕದಲ್ಲಿ 1 ಮಿಲಿಗ್ರಾಮಿನೊಳಗಿರುವುದು ಒಳ್ಳೆಯದು. ಮೂಳೆ ಬದುಕಿರುವವರೆಗೂ ಹಳತು ಸವೆದು ಹೊಸತು ಕಟ್ಟುತ್ತಿರುತ್ತದೆ. ಹಲ್ಲಿನ ಹೊರಪದರವಾದ ಎನಾಮಲ್ ಹಾಗಲ್ಲ, ಒಮ್ಮೆ ಕಟ್ಟಿತೆಂದರೆ ಅಷ್ಟೇ. ಮುಂದಿನ ಶಾಶ್ವತ ಬಾಚಿಹಲ್ಲುಗಳ ಎನಾಮಲ್ ಒಸಡಿನೊಳಗೆ ಸುಮಾರು ಐದು ವರ್ಷದೊಳಗೆ ಕಟ್ಟಿ ಮುಗಿಯುತ್ತದೆ. ನಲವತ್ತು ವರ್ಷದವರ ಮುಂಬಲ್ಲಿನ ಮೇಲಿರುವ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ ಅವರು ಐದು ವರ್ಷದೊಳಗಿನ ಮಗುವಾಗಿದ್ದಾಗ ಯಾವ ನೀರು ಕುಡಿದರೆಂದು ಹೇಳುತ್ತದೆ. ಈಗ ಶುದ್ಧ ನೀರಿನ ಘಟಕದ ನೀರು ಕುಡಿಯುತ್ತಿದ್ದರೂ ಕಲೆ ಮಾಸುವುದಿಲ್ಲ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹಲ್ಲಿನಲ್ಲಿ ತವರೂರಿನ ನೀರು ಕಾಣುತ್ತದೆ, ಗಂಡನ ಊರಿನದಲ್ಲ. ಅಗೆತದಲ್ಲಿ ಸಿಕ್ಕ ಹಲ್ಲುಗಳಿಂದ ಆ ಮನುಷ್ಯ ಹುಟ್ಟಿ ಬೆಳೆದದ್ದೆಲ್ಲಿ ಎಂದು ತೆಗೆಯುವ ವಿದ್ಯೆಯ ಬುಡವೂ ಇದೇ ತರ್ಕ.

ಈ ಕಲೆಗಳನ್ನು ದರ್ಜೆ ಮಾಡಲು ಅಮೆರಿಕದ ದಂತವೈದ್ಯ ಟ್ರೆಂಡ್ಲಿ ಡೀನ್ 1930ರ ದಶಕದಲ್ಲಿ ಒಂದು ಕ್ರಮ ಕೊಟ್ಟರು. ಅದು ಪರಿಷ್ಕೃತವಾಗಿ ಇಂದಿಗೂ ಬಳಕೆಯಲ್ಲಿದೆ: ಸಹಜ, ಸಂಶಯಾಸ್ಪದ, ಅತಿ ಸೌಮ್ಯ, ಸೌಮ್ಯ, ಮಧ್ಯಮ, ತೀವ್ರ. ಒಪ್ಪಿದವರ ಹಲ್ಲನ್ನು ಹಗಲು ಬೆಳಕಿನಲ್ಲಿ ನೋಡಿ ದರ್ಜೆ ಕೊಡಿ, ವಾರ ಬಿಟ್ಟು ಅವರನ್ನೇ ಮತ್ತೆ ನೋಡಿ. ತುದಿಯ ದರ್ಜೆಗಳಲ್ಲಿ ತೊಂದರೆಯಾಗುವುದಿಲ್ಲ. 'ಸಂಶಯಾಸ್ಪದ', 'ಅತಿ ಸೌಮ್ಯ' ಇವೆರಡರ ನಡುವೆ ನಿಮ್ಮದೇ ಎರಡು ತೀರ್ಪು ಬೇರೆ ಬೇರೆ ಬರುತ್ತವೆ. ಇಲ್ಲಿ ಮಿಲಿಮೀಟರಿನ ಸೂತ್ರ ನಡೆಯದು. ಎರಡು ತೀರ್ಪು ಎಷ್ಟು ಕೂಡಿಬಂದವು ಎಂದು ತೆಗೆಯುವ ಕಪ್ಪಾ ಎಂಬ ಲೆಕ್ಕವಿದೆ, ಅದನ್ನು ಕಲಿಯಿರಿ. ಶಾಲೆಯ ಮಕ್ಕಳನ್ನು ನೋಡುವುದಾದರೆ ಮುಖ್ಯೋಪಾಧ್ಯಾಯರದೂ ತಂದೆತಾಯಿಯರದೂ ಬರಹದ ಒಪ್ಪಿಗೆ ಬೇಕು. ನಗುವಾಗ ಬಾಯಿ ಮುಚ್ಚಿಕೊಳ್ಳುವ ಹುಡುಗಿಯನ್ನು ಬಲವಂತ ಮಾಡಬೇಡಿ.

ಬೆರಳಚ್ಚಿನ ಅಭ್ಯಾಸ ಸುಲಭ. ಸ್ಟ್ಯಾಂಪ್ ಪ್ಯಾಡಿನ ಶಾಯಿ ಸಾಕು. ಬೆರಳಗೆರೆಗಳ ವಿನ್ಯಾಸ ಮುಖ್ಯವಾಗಿ ಮೂರು ಬಗೆ: ಕಮಾನು, ಕುಣಿಕೆ, ಸುಳಿ. ಗೆರೆಗಳು ಮೂರು ಕಡೆಯಿಂದ ಬಂದು ಸೇರುವ ಜಾಗವೇ ತ್ರಿಕೋನ ಸಂಧಿ. ಕಮಾನಿಗೆ ಅದು ಇಲ್ಲ, ಕುಣಿಕೆಗೆ ಒಂದು, ಸುಳಿಗೆ ಸಾಮಾನ್ಯವಾಗಿ ಎರಡು. ನಿಮ್ಮ ಹತ್ತು ಬೆರಳು ಮುಗಿದರೆ ಅಲ್ಲಿಗೆ ಬಿಡಿ. ಆಧಾರ್ ಮೇಲೆ ಬೆರಳೊತ್ತಿ ಹಣ ತೆಗೆಯುವ ಈ ಕಾಲದಲ್ಲಿ ಬೇರೆಯವರ ಅಚ್ಚು ಸಂಗ್ರಹಿಸಿಡುವುದು ಸರಿಯಲ್ಲ. ಇನ್ನು ಮಕ್ಕಳ ಬೆರಳಚ್ಚು ನೋಡಿ ಡಾಕ್ಟರಾಗುತ್ತಾನೋ ಎಂಜಿನಿಯರಾಗುತ್ತಾನೋ ಹೇಳುತ್ತೇವೆಂದು ದುಡ್ಡು ಕೀಳುವವರಿದ್ದಾರೆ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಮಾನವಶಾಸ್ತ್ರ ಓದುವವರು ಎಂದು ತಿಳಿದರೆ ನಿಮ್ಮನ್ನೂ ಅವರು ಕೆಲಸಕ್ಕೆ ಕರೆದಾರು, ಹೋಗಬೇಡಿ.

ರಕ್ತದ ಗುಂಪಿನ ಪರೀಕ್ಷೆ ಮನೆಯಲ್ಲಿ ಬೇಡ, ಸೂಜಿಯ ವಿಷಯ. ಎಂಎಸ್ಸಿಯಲ್ಲಿ ಹೇಗೂ ಮಾಡಿಸುತ್ತಾರೆ.

ಇಲ್ಲಿಯವರೆಗಿನದನ್ನು ಮಾಡಿಕೊಂಡ ಮೇಲೆ ನಿಜವಾದ ಮನುಷ್ಯ ಮೂಳೆ ನೋಡಲು ದಾವಣಗೆರೆ, ಚಿತ್ರದುರ್ಗದ ವೈದ್ಯಕೀಯ ಕಾಲೇಜುಗಳ ಅಂಗರಚನಾಶಾಸ್ತ್ರ ವಿಭಾಗಕ್ಕೆ ಪತ್ರ ಬರೆಯಿರಿ. ನೀವು ಓದಿದ ಕಾಲೇಜಿನ ಪ್ರಾಂಶುಪಾಲರ ಮೂಲಕ ಹೋದರೆ ತೂಕ ಹೆಚ್ಚು. "ಮ್ಯೂಸಿಯಂ ನೋಡಬೇಕು" ಎಂದು ಬರೆದರೆ ಗಾಜಿನ ಕಪಾಟು ತೋರಿಸಿ ಕಳಿಸುತ್ತಾರೆ. "ಹತ್ತು ತೊಡೆಮೂಳೆಗಳ ಗರಿಷ್ಠ ಉದ್ದವನ್ನು ಎರಡೆರಡು ಸಲ ಅಳೆಯಲು ಒಂದು ಮಧ್ಯಾಹ್ನ ಬೇಕು, ಫೋಟೊ ತೆಗೆಯುವುದಿಲ್ಲ" ಎಂದು ಬರೆಯಿರಿ. ಜೊತೆಗೆ ನಿಮ್ಮ ಕುರಿ ಮೂಳೆಯ ಅಳತೆಯ ಹಾಳೆ ಲಗತ್ತಿಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ ಎರಡರಲ್ಲೂ ಮಾನವಶಾಸ್ತ್ರ ವಿಭಾಗವಿದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರವೂ ಮೈಸೂರಿನಲ್ಲೇ. ಪ್ರವೇಶಕ್ಕೆ ಹೋಗುವಾಗ ಆ ಹಾಳೆಗಳನ್ನು ಕೈಯಲ್ಲಿ ಹಿಡಿದು ಹೋಗಿ.

ಪತ್ರಕ್ಕೆ ಉತ್ತರ ಬಾರದಿದ್ದರೆ ಹದಿನೈದು ದಿನ ಕಾದು ಖುದ್ದಾಗಿ ಹೋಗಿ ಕೇಳಿ. ಮೊದಲ ವರ್ಷದ ಎಂಬಿಬಿಎಸ್ ಪ್ರಾಯೋಗಿಕ ಪರೀಕ್ಷೆಯ ವಾರ ಮಾತ್ರ ತಪ್ಪಿಸಿ. ಆಗ ಮೂಳೆಗಳೆಲ್ಲ ಮೇಜಿನ ಮೇಲೇ ಇರುತ್ತವೆ, ತೆಗೆದುಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ.